ಅಮ್ಮನ ಅಳುವಿಗೆ ಬೀಟ್ ಹಾಕಿದವರು

2023ರಲ್ಲಿ ನಾನು ಆಂಧ್ರದ ರಾಯದುರ್ಗದ ಒಂದು ಖಾಸಗಿ ಡಿಗ್ರಿ ಕಾಲೇಜಿನ ಮೀಡಿಯಾ ಲ್ಯಾಬಿನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಆಗಿದ್ದೆ. ಕ್ಯಾಮೆರಾ, ಮೈಕು, ಎಡಿಟಿಂಗ್ ಕಂಪ್ಯೂಟರ್ ಎಲ್ಲ ನನ್ನ ಸುಪರ್ದಿಯಲ್ಲಿದ್ದವು. ನಾನು ಓದಿದ್ದು ಇಂಟರ್‌ಮೀಡಿಯೆಟ್‌ವರೆಗೆ. ಕೆಲಸ ಕಲಿತದ್ದು ಮದುವೆ ವಿಡಿಯೊ ಮಾಡುವ ಸ್ಟುಡಿಯೊದಲ್ಲಿ. ಆ ವರ್ಷ ನಡೆದದ್ದನ್ನು ಬರೆಯಲು ಹಲವು ಸಲ ಕೂತು ಎದ್ದಿದ್ದೇನೆ. ದುಃಖ ಇಳಿಯಲಿ, ಆಮೇಲೆ ಬರೆಯೋಣ ಎಂದುಕೊಂಡಿದ್ದೆ. ದುಃಖ ಒಂದಿಷ್ಟು ಇಳಿಯಿತು, ಸಿಟ್ಟು ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಕೊನೆಯ ವರ್ಷದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಒಂದು ಮ್ಯೂಸಿಕ್ ವಿಡಿಯೊ ಮಾಡಬೇಕಿತ್ತು. ಚೆನ್ನಾಗಿ ಬಂದದ್ದನ್ನು ಅನಂತಪುರದಲ್ಲಿ ನಡೆಯುವ ಅಂತರ ಕಾಲೇಜು ಸ್ಪರ್ಧೆಗೆ ಕಳಿಸುತ್ತಿದ್ದರು. ಶೂಟಿಂಗ್‌ಗೆ ಮೊದಲು ಮಾಡುವ ಕೆಲಸಕ್ಕೆ ಪ್ರೀ-ಪ್ರೊಡಕ್ಷನ್ ಎನ್ನುತ್ತಾರೆ. ಯಾವ ಹಾಡು, ಯಾರ ಹಾಡು, ಎಲ್ಲಿ ತೆಗೆಯುವುದು, ಯಾವ ಶಾಟ್ ಆದ ಮೇಲೆ ಯಾವ ಶಾಟ್, ಯಾರ ಒಪ್ಪಿಗೆ ಬೇಕು, ಇದೆಲ್ಲ ಅದರಲ್ಲಿ ಬರುತ್ತದೆ. ಜಾಗ ನೋಡಿ ಬರುವುದಕ್ಕೆ ರೆಕ್ಕಿ ಎನ್ನುತ್ತೇವೆ. ಮಕ್ಕಳಿಗೆ ಕ್ಯಾಮೆರಾ ಹಿಡಿಯುವ ಆತುರ, ಪ್ಲಾನ್ ಬರೆಯಲು ಬೇಸರ. ಅದನ್ನು ಅವರಿಂದ ಮಾಡಿಸುವುದು ನನ್ನ ಕೆಲಸ.

ಹೆಚ್ಚಿನ ತಂಡಗಳದು ಪ್ರತಿ ವರ್ಷ ಒಂದೇ ಹಾಡು. ಕೋಟೆ ಮೇಲೆ ಹುಡುಗ, ಭೈರವಾನಿತಿಪ್ಪ ಡ್ಯಾಮಿನ ಕಟ್ಟೆ ಮೇಲೆ ಹುಡುಗಿ, ನಡುವೆ ಸ್ಲೋ ಮೋಷನ್. ಆ ವರ್ಷ ಬೊಮ್ಮನಹಾಳ ಕಡೆಯ ಮಂಜುನಾಥ ಎಂಬ ಹುಡುಗನ ತಂಡ ಬೇರೆ ಮಾತು ತಂದಿತು.

"ಎಲ್ಲಾರೂ ಲವ್ ಸಾಂಗ್ ಮಾಡ್ತಾರ್ರಿ ಮೇಡಂ. ನಮ್ಮ ಓಣ್ಯಾಗ ಯಾರರ ಸತ್ರ ಹೆಣ್ಮಕ್ಳು ಹಾಡ್ಕೋತ ಅಳ್ತಾರಲ್ರಿ, ಅದೂ ಹಾಡ ಅಲ್ಲೇನ್ರಿ?"

ನನಗೆ ಖುಷಿಯಾಯಿತು. ಕೆಲಸಕ್ಕೆ ಸೇರಿದಾಗಿನಿಂದ ಇಂಥ ಪ್ರಶ್ನೆ ಕೇಳಿದ ವಿದ್ಯಾರ್ಥಿ ಇರಲಿಲ್ಲ. ತಂಡ ಗುಮ್ಮಗಟ್ಟ ಕಡೆಯ ಕುರಿಗಾರರ ಮನೆಗಳಿಗೆ ಹೋಯಿತು. ಹೆಂಗಸರು ಚಹಾ ಕೊಟ್ಟರು, ಹಾಡು ಕೊಡಲಿಲ್ಲ. ಸಾವಿಲ್ಲದ ಮನೆಯಲ್ಲಿ ಆ ದನಿ ಎತ್ತಬಾರದು. ಒಬ್ಬಾಕೆ ಊರ ಹೊರಗಿನ ಬೇವಿನ ಮರದ ಕೆಳಗೆ ಬಂದು ಎರಡು ಸಾಲು ಹೇಳಿ, ನಕ್ಕು, ಸೆರಗು ಬಾಯಿಗಿಟ್ಟುಕೊಂಡು ಹೊರಟುಹೋದಳಂತೆ.

ಆಗ ನಾನು ಅವರನ್ನು ಮಡಕಶಿರ ಹತ್ತಿರದ ನನ್ನ ತವರೂರಿಗೆ ಕರೆದುಕೊಂಡು ಹೋದೆ. ಸಾವಿನ ಮನೆಯಲ್ಲಿ ಹಾಡಿ ಅಳುವುದರಲ್ಲಿ ಅಮ್ಮನ ಹೆಸರು ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತು. ಹೇಳಿಕಳಿಸಿ ಕರೆಸಿಕೊಳ್ಳುತ್ತಿದ್ದರು. ನಾವು ಹೋದಾಗ ಅಮ್ಮ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು. ನನ್ನ ತಂಗಿ ಗಿರಿಜಾ ತನ್ನ ಮಗಳು ಚೈತ್ರಳನ್ನು ಕರೆದುಕೊಂಡು ಬಂದಿದ್ದಳು. ಗಿರಿಜಳನ್ನು ಕೊಟ್ಟಿದ್ದು ರೊಳ್ಳದ ಕಡೆಯ ಒಂದು ಊರಿಗೆ. ಅಲ್ಲೂ ರೇಷ್ಮೆ, ಅಲ್ಲೂ ಸೊಪ್ಪು.

"ನಮ್ಮಮ್ಮ ಅತ್ರೆ ಹೆಣನೂ ಎದ್ದು ಕುಂತ್ಕಂಡು ಕೇಳ್ತದೆ" ಎಂದು ಗಿರಿಜಾ ಮಕ್ಕಳಿಗೆ ಕಾಫಿ ಕೊಡುತ್ತ ನಗಿಸಿದಳು.

"ಸುಮ್ಕಿರೇ, ಬಾಯಿ ಹರುಕಿ" ಎಂದಳು ಅಮ್ಮ.

ಮಂಜುನಾಥ ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ. ಪದಗಳು ಮೊದಲೇ ಗೊತ್ತಿರುತ್ತವೆಯೇ? ಸತ್ತವರ ಮನೆಯವರನ್ನು ಬೈದರೆ ಅವರು ಜಗಳಕ್ಕೆ ಬರುವುದಿಲ್ಲವೇ?

ಅಮ್ಮ ಸೊಪ್ಪು ಹರಡುತ್ತಲೇ ಹೇಳಿದಳು: "ಬೈಯೋದೇ ಆಗ ಕಣಪ್ಪ. ಬದುಕಿದ್ದಾಗ ಆಡಾಕಾಗ್ದಿದ್ದೆಲ್ಲ ಅವತ್ತು ಆಡ್ತೀವಿ. ಅತ್ತೆ ಹಿಂಗೆ ಮಾಡಿದ್ಳು, ಗಂಡ ಹಂಗೆ ಮಾಡ್ದ ಅಂತ. ಅನ್ನಿಸ್ಕಂಡೋಳೇ ಬಂದು ತಬ್ಕಂಡು ಅಳ್ತಾಳೆ. ಮೂರ್ನೇ ದಿನ ಹಾಲು ತುಪ್ಪ ಬಿಟ್ಮೇಲೆ ಯಾರೂ ಕೇಳಲ್ಲ, ನಾನೂ ಆಡಲ್ಲ. ಅವತ್ತಿಂದು ಅವತ್ತಿಗೆ."

"ಹಂಗಾರ ಈಗ ಒಂದೀಟು ಹಾಡ್ರಿ ಅಮ್ಮಾರೆ" ಎಂದ ಮಂಜುನಾಥ.

"ಸತ್ತೋರಿಲ್ದೆ ಹೆಂಗಪ್ಪ ಅಳಾನ? ಯಾರಾನ ಸಾಯ್ಲಿ, ಆಗ ಬಾ."

ಎಲ್ಲರೂ ನಕ್ಕರು. ನಮ್ಮ ಕಡೆ ಯಾರನ್ನಾದರೂ ಮುಖ ಮುರಿಯದೆ ಸಾಗಹಾಕಬೇಕಾದರೆ ಹೀಗೇ ಹೇಳುವುದು. ಗಿರಿಜಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಬರುವಾಗ ಬಸ್ಸಿನಲ್ಲಿ ನಾನು ತಂಡಕ್ಕೆ ಹೇಳಿದೆ, ನಿಜವಾದ ಅಳು ಸಿಗುವುದಿಲ್ಲ, ಅದರ ಧಾಟಿ ಇಟ್ಟುಕೊಂಡು ನೀವೇ ಒಂದು ಹಾಡು ಬರೆಯಿರಿ, ಅದೇ ಸರಿಯಾದ ದಾರಿ. ಹೂಂ ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಗಿರಿಜಳಿಗೆ ಜ್ವರ ಬಂತು. ಡೆಂಗಿ ಎಂದು ಆಮೇಲೆ ತಿಳಿಯಿತು. ಅವಳ ಮನೆಯಲ್ಲಿ ಆಗ ರೇಷ್ಮೆ ಗೂಡು ಬಿಡಿಸುವ ಹೊತ್ತು. ಗೂಡು ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಕೊರೆದುಕೊಂಡು ಹೊರಗೆ ಬರುತ್ತದೆ, ಆಮೇಲೆ ಅದಕ್ಕೆ ಬೆಲೆಯಿಲ್ಲ. ಬಾಡಿಗೆ ಗಾಡಿ ಗೂಡು ತುಂಬಿಕೊಂಡು ಹಿಂದೂಪುರದ ಮಾರ್ಕೆಟ್ಟಿಗೆ ಹೋಯಿತು. ಆಸ್ಪತ್ರೆಯೂ ಹಿಂದೂಪುರದಲ್ಲೇ ಇತ್ತು. ಅದೇ ಗಾಡಿಯಲ್ಲಿ ಅವಳನ್ನೂ ಕೂರಿಸಬಹುದಿತ್ತು. ಬರೀ ಜ್ವರ, ಕಷಾಯ ಕುಡಿದು ಮಲಗಲಿ ಎಂದರು ಮನೆಯವರು. ಮಾರನೆಯ ದಿನ ಆಸ್ಪತ್ರೆಗೆ ಒಯ್ದಾಗ ತಡವಾಗಿತ್ತು.

ಅವಳನ್ನು ಗಂಡನ ಮನೆಯ ಅಂಗಳದಲ್ಲಿ ಮಲಗಿಸಿದ್ದರು. ಅಮ್ಮ ಬಂದು ತಲೆ ಹತ್ತಿರ ಕೂತಳು. ಅಷ್ಟು ವರ್ಷ ಊರವರಿಗಾಗಿ ಎತ್ತಿದ ದನಿಯನ್ನು ಮಗಳಿಗೆ ಎತ್ತಿದಳು.

"ಗೂಡು ಸಾಗ್ಸಾಕೆ ಗಾಡಿ ಬಂತಲ್ಲೇ ನನ್ನ ಮಗಳೆ,
ನಿನ್ನ ಸಾಗ್ಸಾಕೆ ಗಾಡಿ ಬರಲಿಲ್ವಲ್ಲೇ ನನ್ನ ಕಂದ."

ಗಿರಿಜಳ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಆ ಸಾಲು ಕೇಳಿ ಹೊಸ್ತಿಲಲ್ಲೇ ಕೂತುಬಿಟ್ಟಳು. ತೆವಳಿಕೊಂಡೇ ಬಂದು ಅಮ್ಮನನ್ನು ತಬ್ಬಿಕೊಂಡಳು. ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ಹಾಲು ತುಪ್ಪ ಬಿಟ್ಟ ದಿನ ಅದೇ ಇಬ್ಬರು ಕೂತು ಚೈತ್ರಳ ವಿಷಯ ಮಾತಾಡಿದರು. ಸ್ಕೂಲಿದ್ದಾಗ ಅಪ್ಪನ ಹತ್ತಿರ, ರಜೆಯಲ್ಲಿ ನಮ್ಮಮ್ಮನ ಹತ್ತಿರ. ಗಾಡಿಯ ಮಾತನ್ನು ಯಾರೂ ಎತ್ತಲಿಲ್ಲ. ಎತ್ತದೇ ಇದ್ದದ್ದರಿಂದಲೇ ಆ ಒಪ್ಪಂದ ಸಾಧ್ಯವಾಯಿತು.

ಗಿರಿಜಾ ಸತ್ತ ದಿನ ಕಾಲೇಜಿನಿಂದ ನಮ್ಮ ವಿಭಾಗದ ಮುಖ್ಯಸ್ಥರು ಮತ್ತು ಮಂಜುನಾಥನ ತಂಡ ಕಾರು ಮಾಡಿಕೊಂಡು ಬಂದಿದ್ದರು. ಅಷ್ಟು ದೂರದಿಂದ ಬಂದರಲ್ಲ ಎಂದು ನಾನು ಕೈ ಮುಗಿದೆ. ಮಂಜುನಾಥ ಗೋಡೆಗೆ ಒರಗಿ, ಕೈಗಳನ್ನು ಎದೆಯ ಹತ್ತಿರ ಇಟ್ಟುಕೊಂಡು ನಿಂತಿದ್ದ. ಆ ಕೈಗಳಲ್ಲಿ ಫೋನ್ ಇತ್ತು.

ತಿಥಿ ಮುಗಿಸಿ ನಾನು ಕೆಲಸಕ್ಕೆ ಹಿಂತಿರುಗಿದೆ. ಲ್ಯಾಬಿನ ಕಂಪ್ಯೂಟರ್‌ನಲ್ಲಿ ಒಂದು ಟೈಮ್‌ಲೈನ್ ತೆರೆದಿತ್ತು. ಟೈಮ್‌ಲೈನ್ ಎಂದರೆ ಚಿತ್ರ ಮತ್ತು ಧ್ವನಿಯ ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ. ಯಾರ ಪ್ರಾಜೆಕ್ಟ್ ಎಂದು ನೋಡಲು ಹೆಡ್‌ಫೋನ್ ಹಾಕಿಕೊಂಡು ಪ್ಲೇ ಒತ್ತಿದೆ. ಮೊದಲು ಡ್ರಮ್ ಬೀಟ್ ಬಂತು. ಅದರ ಮೇಲೆ ಅಮ್ಮನ ದನಿ. ಬೀಟಿಗೆ ಹೊಂದಲಿ ಎಂದು ಅವಳು ಉಸಿರು ಎಳೆದುಕೊಳ್ಳುವ ಜಾಗಗಳನ್ನು ಕತ್ತರಿಸಿದ್ದರು. ಗಾಡಿಯ ಸಾಲು ಪಲ್ಲವಿಯಾಗಿ ಮತ್ತೆ ಮತ್ತೆ ಬರುತ್ತಿತ್ತು. ಕೆಳಗೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಅದರ ಅರ್ಥ. ನನ್ನ ತಂಗಿಯ ಕಾಲು, ಕಾಲಿನ ಹೆಬ್ಬೆರಳು ಕಟ್ಟಿದ ದಾರ, ಕ್ಲೋಸಪ್‌ನಲ್ಲಿ.

ಮಂಜುನಾಥನನ್ನು ಕರೆಸಿದೆ. ಅವನು ಹೆದರಿರಲಿಲ್ಲ. ಅದೇ ನನಗೆ ಇವತ್ತಿಗೂ ತಡೆಯಲಾಗದ ಮಾತು. ಮೆಚ್ಚುಗೆಗೆ ಕಾಯುತ್ತ ನಿಂತಿದ್ದ.

"ಅಮ್ಮಾರೇ ಹೇಳಿದ್ರಲ್ರಿ ಮೇಡಂ, ಯಾರರ ಸತ್ತಾಗ ಬಾ ಅಂತ. ಅದಕ್ಕ ಬಂದಿದ್ದಿಲ್ಲೇನ್ರಿ?"

"ಮತ್ತೆ ಅವತ್ತಿಂದು ಅವತ್ತಿಗೆ ಅಂದದ್ದು?"

"ಅದನ್ನೂ ಹಾಕೀವ್ರಿ ಮೇಡಂ, ಕೊನ್ಯಾಗ ಟೈಟಲ್ ಕಾರ್ಡ್ ಬರ್ತದ."

ಹುಡುಗ ಎಲ್ಲವನ್ನೂ ಕೇಳಿದ್ದ, ಎಲ್ಲವನ್ನೂ ಬರೆದುಕೊಂಡಿದ್ದ, ಒಂದು ಮಾತನ್ನೂ ಬಿಟ್ಟಿರಲಿಲ್ಲ. ಅವೆಲ್ಲ ಅವನಿಗೆ ರಿಸರ್ಚ್ ಆಗಿದ್ದವು. ತಾನು ಪಾಲಿಸಬೇಕಾದ ಮಾತೂ ಅದರಲ್ಲಿ ಒಂದಿದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಮುಖ್ಯಸ್ಥರಿಗೆ ಹೊಳೆಯಬೇಕಿತ್ತು. ಅವರು ವಯಸ್ಸಾದವರು, ಇದೇ ಸೀಮೆಯವರು, ಸಾವಿನ ಮನೆಗಳನ್ನು ಕಂಡವರು.

"ಚೂಡಮ್ಮಾ, ನೋಡಿ, ಇಂಥ ಫುಟೇಜ್ ಜನ್ಮಕ್ಕೊಂದು ಸಲ ಸಿಗೋದು" ಎಂದರು. "ನಿಮ್ಮ ತಂಗಿಗೆ ಇದು ಶ್ರದ್ಧಾಂಜಲಿ ಅಂದ್ಕೊಳ್ಳಿ. ಟೀಸರ್‌ಗೇ ಎಷ್ಟು ಲೈಕ್ಸ್ ಬಂದಿದೆ ನೋಡಿ."

ಟೀಸರ್ ಎಂದರೆ ಪೂರ್ತಿ ವಿಡಿಯೊ ಬರುವ ಮೊದಲು ಆಸೆ ಹುಟ್ಟಿಸಲು ಬಿಡುವ ಚಿಕ್ಕ ತುಣುಕು. ಅದು ಆಗಲೇ ಹೊರಗೆ ಹೋಗಿತ್ತು. ಅದರಲ್ಲಿದ್ದದ್ದು ಆ ಎರಡೇ ಸಾಲು.

ಅವರ ಮುಂದೆಯೇ ಪ್ರಾಜೆಕ್ಟನ್ನೂ ಮೂಲ ಫೈಲುಗಳನ್ನೂ ಅಳಿಸಿದೆ. ಕಾಲೇಜಿನ ಆಸ್ತಿ ನಾಶ ಮಾಡುತ್ತಿದ್ದೀರಿ, ಮೆಮೊ ಕೊಡಬೇಕಾಗುತ್ತದೆ ಎಂದರು.

"ಕಂಪ್ಯೂಟರ್ ಕಾಲೇಜಿಂದು ಸಾರ್. ನಮ್ಮಮ್ಮ ಕಾಲೇಜಿನೋಳಲ್ಲ" ಎಂದೆ.

ಮೆಮೊ ಬಂತು, ತೆಗೆದುಕೊಂಡೆ. ತಂಡ ಟೀಸರನ್ನೂ ತೆಗೆಯಿತು. ಆದರೆ ಅಷ್ಟರಲ್ಲಿ ಅದು ವಾಟ್ಸಾಪಿನಲ್ಲಿ ಮಡಕಶಿರ ದಾಟಿ ರೊಳ್ಳದ ಕಡೆಯ ಆ ಊರನ್ನು ಮುಟ್ಟಿತ್ತು. ಗಿರಿಜಳ ಗಂಡ ರಂಗಸ್ವಾಮಿ ನನಗೆ ಫೋನ್ ಮಾಡಿದ. ಕೂಗಾಡಲಿಲ್ಲ.

"ಅತ್ಗೆ, ಅವತ್ತು ಅತ್ತೆ ಅಂದ್ರು, ನಾವೂ ಕೇಳ್ಕಂಡ್ವಿ. ಈಗ ಮೊಬೈಲ್ನಾಗೆ ದಿನಾ ಅಂತಾವ್ರೆ. ನಮ್ಮಮ್ಮ ಬೀದಿಗೆ ಬರ್ತಿಲ್ಲ. ಸ್ಕೂಲಾಗೆ ಯಾರೋ ಪಾಪುಗೆ ತೋರ್ಸವ್ರೆ. ಅಜ್ಜಿ ನೀನು ನಮ್ಮಮ್ಮಂಗೆ ಗಾಡಿ ಕೊಡ್ಲಿಲ್ವಂತೆ ಅಂತ ಕೇಳ್ತಾಳೆ. ಇನ್ನ ಪಾಪು ನಿಮ್ಮನೆಗೆ ಬರಲ್ಲ."

ಆ ಊರಿಗೆ ಹೊರಡುವ ಮುಂಚೆ ಮಂಜುನಾಥನಿಗೆ ಇದನ್ನು ಹೇಳಿದೆ. ಆಗ ಅವನ ಮುಖ ಬಿಳಿಚಿತು. ನಾನೂ ಬರ್ತೀನ್ರಿ ಮೇಡಂ, ಕ್ಷಮೆ ಕೇಳ್ತೀನಿ ಎಂದ. ಕರೆದುಕೊಂಡು ಹೋದೆ. ಗಿರಿಜಳ ಅತ್ತೆ ಅವನನ್ನು ಬೈಯಲಿಲ್ಲ. ನೀರು ಕೊಟ್ಟು, ಅವನು ಕುಡಿಯುವವರೆಗೆ ಕಾದು ಕೇಳಿದಳು: "ಅವತ್ತು ಅವ್ಳು ಅಂದ್ಳು, ನಾನು ತಬ್ಕಂಡೆ. ಈಗ ಫೋನ್ನಾಗೆ ಅಂತಾಳಲ್ಲಪ್ಪ, ಯಾರ್ನ ತಬ್ಕಳ್ಳಾನ?"

ಚೈತ್ರಳನ್ನು ಕಳಿಸಲು ರಂಗಸ್ವಾಮಿ ಒಪ್ಪಲಿಲ್ಲ.

ಆ ಸಲದ ಸಂಕ್ರಾಂತಿ ರಜೆಗೆ ಹುಡುಗಿ ಬರಲಿಲ್ಲ. ಬೇಸಿಗೆ ರಜೆ ಶುರುವಾಯಿತು, ಆಗಲೂ ಬರಲಿಲ್ಲ. ಒಂದು ಬೆಳಗ್ಗೆ ಅಮ್ಮ ಹುಳುವಿನ ತಟ್ಟೆಗಳನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ನನ್ನನ್ನು ಜೊತೆ ಮಾಡಿಕೊಂಡು ಬಸ್ ಹತ್ತಿದಳು. ಏನು ಮಾಡಲು ಹೊರಟಿದ್ದಾಳೆಂದು ನನಗೆ ಹೇಳಲಿಲ್ಲ. ಆ ಮನೆಯಲ್ಲಿ ಎಲ್ಲರೂ ಇದ್ದಾಗ ಚೈತ್ರಳನ್ನು ಮುಂದೆ ನಿಲ್ಲಿಸಿಕೊಂಡಳು.

"ನೋಡು ಪಾಪು, ನಾನು ಸಂಕ್ಟಕ್ಕೆ ಏನೇನೋ ಅಂದ್ಬಿಟ್ಟೆ. ಅದು ಸುಳ್ಳು. ನಿಮ್ಮಪ್ಪ ಗಾಡಿ ತಂದಿದ್ದ, ಈ ಅಜ್ಜಿ ಕೂರ್ಸಿ ಕಳ್ಸಿದ್ಳು. ನಿಮ್ಮಮ್ಮನ ಆಯಸ್ಸು ಅಷ್ಟಿತ್ತು."

ಚೈತ್ರ ಇಬ್ಬರು ಅಜ್ಜಿಯರ ಮುಖವನ್ನೂ ನೋಡಿದಳು. ಗಿರಿಜಳ ಅತ್ತೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದಳು. ರಂಗಸ್ವಾಮಿ ಹೊರಗೆ ಹೋಗಿ ಬೈಕಿನ ಹತ್ತಿರ ನಿಂತ. ಅಲ್ಲಿದ್ದ ದೊಡ್ಡವರಿಗೆಲ್ಲ ಯಾವುದು ಸುಳ್ಳು ಎಂದು ಗೊತ್ತಿತ್ತು. ಸಂಜೆಯ ಬಸ್ಸಿಗೆ ಚೈತ್ರ ನಮ್ಮ ಜೊತೆ ಬಂದಳು.

ನಾನು ಈಗಲೂ ಅದೇ ಲ್ಯಾಬಿನಲ್ಲಿದ್ದೇನೆ. ಹೊಸ ತಂಡಗಳಿಗೆ ಪ್ರೀ-ಪ್ರೊಡಕ್ಷನ್ ಹೇಳಿಕೊಡುವಾಗ ಒಪ್ಪಿಗೆ ಎಂಬ ಭಾಗ ಬಂದರೆ ಒಂದು ಮಾತು ಹೆಚ್ಚಿಗೆ ಹೇಳುತ್ತೇನೆ. ಹಾಡಿದವರು ಹೂಂ ಎಂದರೇ ಎಂದು ಕೇಳುವುದು ಸಾಲದು. ಆ ದನಿ ಎಷ್ಟು ದಿನ ಇರಲಿ ಎಂದು ಅವರು ಎತ್ತಿದರು, ಅದನ್ನೂ ಕೇಳಿ. ಉಳಿಸುವುದು ಯಾವಾಗಲೂ ಒಳ್ಳೆಯದು ಎಂದು ನಾವು ಕ್ಯಾಮೆರಾದವರು ನಂಬಿರುತ್ತೇವೆ. ಮುಗಿಯಲೆಂದೇ ಆಡಿದ ಮಾತುಗಳಿವೆ, ಅವನ್ನು ಉಳಿಸಿದರೆ ಆಡಿದವರು ಉಳಿಯುವುದಿಲ್ಲ. ಹಾಗೆ ಹೇಳುವಾಗ ನನ್ನ ದನಿ ಗಡುಸಾಗುತ್ತದೆ, ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ.

ಊರಲ್ಲಿ ಸಾವಾದರೆ ಈಗಲೂ ಅಮ್ಮನಿಗೆ ಹೇಳಿಕಳಿಸುತ್ತಾರೆ. ಹೋಗುತ್ತಾಳೆ, ಹೆಣದ ಪಕ್ಕ ಕೂರುತ್ತಾಳೆ, ಬಾಯಿ ತೆರೆಯುವುದಿಲ್ಲ. ಮಗಳ ಸಾವಿನ ಬಗ್ಗೆ ಅವಳು ಆಡಿದ್ದ ನಿಜ ಗಾಡಿಯ ಆ ಸಾಲೊಂದೇ. ಮೊಮ್ಮಗಳಿಗಾಗಿ ಅದನ್ನು ಅವಳೇ ಸುಳ್ಳು ಮಾಡಬೇಕಾಯಿತು. ಸ್ಪರ್ಧೆಗೆ ಆ ವರ್ಷ ನಮ್ಮ ಕಾಲೇಜಿನಿಂದ ಡ್ಯಾಮಿನ ಮೇಲಿನ ಪ್ರೇಮಗೀತೆ ಹೋಯಿತು.