ಮಾವ ಮುಟ್ಟಿದ ತಟ್ಟೆ

ಮಾವನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕುಡುಗೋಲು ತಗುಲಿ ಆದದ್ದು. ಸೀಳಿನೊಳಗೆ ಸೊಪ್ಪಿನ ಕರೆ ಸೇರಿಕೊಂಡು, ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬೈರಮಂಗಲದ ಆಚೆಗಿನ ನಮ್ಮ ಊರಿನಲ್ಲಿ ಮದುವೆ ಗೊತ್ತುಮಾಡುವ ಒಪ್ಪುವೀಳ್ಯ ಆಗಬೇಕಾದರೆ, ಎತ್ತಿನ ಜೋಡಿ ಕೈ ಬದಲಾಗಬೇಕಾದರೆ, ಅಣ್ಣತಮ್ಮಂದಿರು ಪಾಲಾಗಬೇಕಾದರೆ, ನಡುವೆ ಎಲೆ ಅಡಿಕೆ ತಟ್ಟೆ ಇಟ್ಟು ಎಲ್ಲರೂ ಆ ಕೈಯನ್ನೇ ಕಾಯುತ್ತಿದ್ದರು. ಮಾವ ತಟ್ಟೆ ಮುಟ್ಟಿದರೆ ಮಾತು ಮುಗಿದ ಹಾಗೆ.

ಅವರು ನನಗೆ ರಕ್ತಸಂಬಂಧಿಯಲ್ಲ. ಪಕ್ಕದ ಮನೆಯವರು, ಊರಿನ ಯಜಮಾನರು. ನಾನೂ ನನ್ನಣ್ಣನೂ ಬುದ್ಧಿ ಬಂದಾಗಿನಿಂದ ಮಾವ ಎಂದೇ ಕರೆದವರು. ಸುಮ್ಮಸುಮ್ಮನೆ ಮುಟ್ಟುವ ಆಸಾಮಿಯೂ ಅಲ್ಲ. ಎರಡೂ ಕಡೆಯವರನ್ನು ಕೂರಿಸಿಕೊಂಡು ಕೇಳಿದ್ದನ್ನೇ ಕೇಳಿ ಪ್ರಾಣ ತಿನ್ನುತ್ತಿದ್ದರು. ಯಾರಾದರೂ ಬೇಸತ್ತು, "ಮುಟ್ಟಿ ಯಜಮಾನ್ರೇ, ಊಟ ಆರೋಯ್ತದೆ" ಎಂದರೆ, "ಆರ್ಲಿ ಬುಡು, ಬಿಸಿ ಮಾಡ್ಕಬೋದು. ಮುಟ್ಟಿದ್ಮ್ಯಾಲೆ ಕೈ ತೊಳ್ಕಳಕಾಯ್ತದಾ?" ಎನ್ನುವರು.

ಹೊಂಗನೂರಿಗೆ ನನ್ನ ಸಂಬಂಧ ಗೊತ್ತಾದಾಗ ತಟ್ಟೆ ಮುಟ್ಟಿದ್ದೂ ಅವರೇ. ಲಗ್ನಪತ್ರಿಕೆ ಅಚ್ಚಾದ ಮೇಲೆ ಗಂಡಿನ ಕಡೆಯವರು ಬೈಕ್ ಬೇಕು ಎಂದು ಹೇಳಿ ಕಳಿಸಿದರು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಮಾವ ಬೆಳಗಿನ ಬಸ್ಸಿಗೆ ಹೋಗಿ, ಬೀಗರ ಮನೆಯ ಜಗಲಿಯ ಮೇಲೆ ಟವೆಲ್ ಹಾಸಿ ಕೂತುಬಿಟ್ಟರಂತೆ. ಜಗಳವಿಲ್ಲ, ಕೂಗಾಟವಿಲ್ಲ. ಕೊಟ್ಟ ನೀರನ್ನೂ ಕುಡಿಯಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ಮಾತು ತಪ್ಪೋರು ನೀವು, ಸುಳ್ಳಾಗೋನು ನಾನು. ಸುಳ್ಳಾದೋನ್ಗೆ ಯಾತರ ನೀರು?" ಎಂದರಂತೆ. ಹೊತ್ತು ಇಳಿಯುವಷ್ಟರಲ್ಲಿ ಬೀದಿಯವರೆಲ್ಲ ಬಂದು ನಿಂತರು. ನನಗೆ ಅತ್ತೆಯಾಗಬೇಕಿದ್ದವರಿಗೆ ಮುಖ ಎತ್ತಲಾಗಲಿಲ್ಲ. ಬೈಕಿನ ಮಾತು ಅಲ್ಲಿಗೇ ನಿಂತಿತು. ಇದನ್ನು ಮುಂದೆ ಅತ್ತೆಯೇ ನನಗೆ ನಗುತ್ತಾ ಹೇಳಿದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಬಿಡದಿಯ ಕಾರ್ಖಾನೆಗಳು ನಮ್ಮೂರ ಕಡೆಗೂ ಬಂದವು. ಹಿಪ್ಪುನೇರಳೆ ಹೊಲ ಕೊಡಲು ಯಾರೂ ಒಪ್ಪಲಿಲ್ಲ. ಕಂಪನಿಯ ಪರವಾಗಿ ಓಡಾಡುತ್ತಿದ್ದ ಮಧ್ಯಸ್ಥ ನಮ್ಮ ಸೀಮೆಯವನೇ, ಒಳಗುಟ್ಟು ಬಲ್ಲವನು. ಒಂದು ಬೆಳಗ್ಗೆ ಟೈ ಕಟ್ಟಿದವರನ್ನು ಕರೆದುಕೊಂಡು, ಎಲೆ ಅಡಿಕೆ ತಟ್ಟೆ ಹಿಡಿದು ಮಾವನ ಮನೆಗೇ ಬಂದ. ಜಮೀನು ಕೊಟ್ಟ ಮನೆಗೊಂದು ಖಾಯಂ ಕೆಲಸ ಎಂದರು. ಮಾವ ಮಧ್ಯಾಹ್ನದವರೆಗೂ ಅವರ ಪ್ರಾಣವನ್ನೂ ತಿಂದರು. ಎಲ್ಲಕ್ಕೂ ಉತ್ತರವಿತ್ತು. ಕೆಲಸದ ಮಾತನ್ನು ಬರೆದುಕೊಡಿ ಎಂದು ಯಾರೂ ಕೇಳಲಿಲ್ಲ; ಯಜಮಾನರು ತಟ್ಟೆ ಮುಟ್ಟಿದ ಮೇಲೆ ಕಾಗದ ಕೇಳುವುದು ನಮ್ಮಲ್ಲಿ ಅವರಿಗೆ ಅವಮಾನ ಮಾಡಿದಂತೆ. ಮಾವ ಮುಟ್ಟಿದರು. ಅಣ್ಣನೂ ಸೇರಿ ಊರೆಲ್ಲ ಜಮೀನಿನ ಕರಾರಿಗೆ ಸಹಿ ಹಾಕಿತು.

ಕಾರ್ಖಾನೆ ಎದ್ದಿತು. ಕೆಲವರಿಗೆ ಗುತ್ತಿಗೆಯ ಮೇಲೆ ಹುಲ್ಲಿಗೆ ನೀರು ಬಿಡುವ ಕೆಲಸ ಸಿಕ್ಕಿತು, ಉಳಿದವರಿಗೆ ಅದೂ ಇಲ್ಲ. ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟರೆ, ಕರಾರಿನಲ್ಲಿ ಉದ್ಯೋಗದ ಪ್ರಸ್ತಾಪವಿಲ್ಲ ಎಂದು ಎಂಡಾರ್ಸ್‌ಮೆಂಟ್ ಬಂತು. ನಮ್ಮ ಕಡೆ ಎಂಡಾರ್ಸ್‌ಮೆಂಟ್ ಎಂದರೆ ಆಗುವುದಿಲ್ಲ ಎಂದು ಕಚೇರಿಯವರು ಬರೆದುಕೊಡುವ ಕಾಗದ. ಒಬ್ಬರ ಮಾತಿಗೆ ಬೆಂಬಲವಾಗಿ ನಿಲ್ಲುವುದು ಎಂಬ ಅರ್ಥವೂ ಅದಕ್ಕಿದೆ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಮಾವ ಜೀವನಪೂರ್ತಿ ಮಾಡಿದ್ದು ಆ ಕೆಲಸವನ್ನೇ.

ಮಾವ ಟವೆಲ್ ಹೆಗಲಿಗೆ ಹಾಕಿಕೊಂಡು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಕೂತರು. ಅಲ್ಲಿ ಆ ಕೂರುವಿಕೆಯ ಅರ್ಥ ಯಾರಿಗೂ ಗೊತ್ತಿರಲಿಲ್ಲ. ಕಾವಲಿನವರು ದೂರದ ರಾಜ್ಯದವರು; ಯಾರಿಗೋ ಕಾಯುತ್ತಿರುವ ಮುದುಕ ಎಂದುಕೊಂಡು ಪಾಪ ಕುರ್ಚಿ ಕೊಟ್ಟರು. ಶಿಫ್ಟಿನ ಬಸ್ಸುಗಳು ಬಂದಾಗ ಎಬ್ಬಿಸಿ ಪಕ್ಕಕ್ಕೆ ಕೂರಿಸಿದರು. ಮಧ್ಯಸ್ಥನ ಕಾರು ಒಳಗೆ ಹೋಯಿತು, ಹೊರಗೆ ಬಂತು, ಗಾಜು ಇಳಿಯಲಿಲ್ಲ. ಸಂಜೆ ಕರೆತರಲು ಹೋದ ಅಣ್ಣನಿಗೂ ಕರುಣೆ ಇರಲಿಲ್ಲ. "ನೀನ್ ಮುಟ್ಟಿದ್ದಕ್ಕಲ್ವಾ ಮಾವ, ನಾವು ಕೆಟ್ಟಿದ್ದು? ಏಳು, ಮನೇಗೋಗು" ಎಂದ. ಆಮೇಲೆ ಅವನು ಮಾವನ ಜೊತೆ ಮಾತು ಬಿಟ್ಟ.

ಊರೂ ತಟ್ಟೆ ಇಡುವುದನ್ನು ಬಿಟ್ಟಿತು. ಅವರ ಸ್ವಂತ ಮೊಮ್ಮಗಳ ಒಪ್ಪುವೀಳ್ಯಕ್ಕೆ ರಾಮನಗರದಿಂದ ಬೇರೆ ಹಿರಿಯರನ್ನು ಕರೆಸಿದರು. ನಾನು ಹೋದಾಗ ಮಾವ ಕೊಟ್ಟಿಗೆಯಲ್ಲಿ ಹುಲ್ಲು ಕತ್ತರಿಸುತ್ತಿದ್ದರು. "ಒಳಗೆ ಬನ್ನಿ ಮಾವ" ಎಂದೆ. "ದನ ಹಸ್ಕಂಡವೆ, ನೀನೋಗವ್ವ" ಎಂದರು.

ಅವರು ತೀರಿಕೊಂಡ ದಿನ ಆ ಮಧ್ಯಸ್ಥ ಆಳೆತ್ತರದ ಹಾರ ತಂದ. ಅಷ್ಟರಲ್ಲಿ ಅವನು ಸೀಮೆಗೆಲ್ಲ ದೊಡ್ಡ ಮನುಷ್ಯನಾಗಿದ್ದ, ಜನ ದಾರಿ ಬಿಟ್ಟರು. ಹಾರ ಹಾಕಿ, ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದ. ವರ್ಷಗಟ್ಟಲೆ ಮಾವನ ಹೊಸಿಲು ತುಳಿಯದ ಅಣ್ಣ ಅಡ್ಡ ಬಂದು, "ಮುಟ್ಬ್ಯಾಡ ಕಣಯ್ಯ" ಎಂದ. ದನಿ ಏರಿಸಲಿಲ್ಲ. ಮಧ್ಯಸ್ಥ ಹಿಂದೆ ಸರಿದ.

ಅಣ್ಣನಿಗೆ ಆ ಮಾತು ಆಗಲಾದರೂ ಬಂತಲ್ಲ ಎಂದು ನಾನು ಅತ್ತುಬಿಟ್ಟೆ. ನನ್ನ ಸಂಕಟ ಮಾತ್ರ ಇಂದಿಗೂ ಆರಿಲ್ಲ. ನನಗಾಗಿ ಹೊಂಗನೂರಿಗೆ ಹೋಗಿ ಹಸಿದು ಕೂತವರು ಮಾವ. ಅವರನ್ನು ಸುಳ್ಳು ಮಾಡಿದ ದಿನ, ಅವರ ಪಕ್ಕ ಹೋಗಿ ಕೂರಲು ಊರಿನ ಒಬ್ಬರೂ ಇರಲಿಲ್ಲ.