ಯಾವ ಜಯಮ್ಮ?

ಕಬ್ಬಿನ ಕೂಳೆ ಕಾಲಿಗೆ ಚುಚ್ಚಿದ್ದನ್ನು ಅವ್ವ ಯಾರಿಗೂ ಹೇಳಿರಲಿಲ್ಲ.

ಹೇಳುವವಳೂ ಅಲ್ಲ. ನಾನು ಮದ್ದೂರು–ಮಳವಳ್ಳಿ ರೂಟಿನ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಟಿಕೆಟ್ ತೆಗೆದುಕೊಳ್ಳದವರು ಕಿಟಕಿ ಕಡೆ ಮುಖ ಮಾಡಿ ಕೂರುತ್ತಾರಲ್ಲ, ಅವರನ್ನು ಹಿಂಬಾಗಿಲಿನಿಂದಲೇ ಗುರುತು ಹಿಡಿಯುತ್ತೇನೆ. ರಜೆಯ ದಿನ ಹನಕೆರೆಯ ತವರಿಗೆ ಹೋದಾಗ ಅವ್ವ ಹಾಗೇ ಕೂತಿದ್ದಳು. ಎಡಗಾಲ ಮೇಲೆ ಸೀರೆ ಎಳೆದುಕೊಂಡು, ನನ್ನ ಕಡೆ ನೋಡದೆ.

"ಸೀರೆ ಎತ್ತವ್ವ, ನೋಡಾನ."

"ಏನಿಲ್ಲ ಬುಡು. ಕೂಳೆ ತಾಗದೆ ಅಷ್ಟೇಯ. ಅರಿಸಿನ ಸುಣ್ಣ ಮೆತ್ತಿವ್ನಿ."

ನಾನೇ ಎತ್ತಿದೆ. ಪಾದದಿಂದ ಮೊಣಕಾಲವರೆಗೆ ಕೆಂಪು. ಚರ್ಮ ಬಿಗಿದು ಮಿರಮಿರ ಮಿಂಚುತ್ತಿತ್ತು. ಮುಟ್ಟಿದರೆ ಕಾದ ಬೋನೆಟ್ಟು ಮುಟ್ಟಿದ ಹಾಗಿತ್ತು. ಅಪ್ಪ ಬಾಗಿಲಲ್ಲಿ ನಿಂತು, "ಕುಂಟಾದ್ ನೋಡಿ ನಾನು ಯೋಳ್ದೆ, ಕೇಳ್ನಿಲ್ಲ" ಎಂದ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಹಳಿಯ ಮೇಲೆ ಒಬ್ಬನೇ ನಡೆದು ನಡೆದು ಮಾತೇ ಕಡಿಮೆಯಾಗಿಬಿಟ್ಟಿದೆ. ಅವನು ಅಷ್ಟು ಹೇಳಿದ್ದೇ ಹೆಚ್ಚು.

ಆಟೊ ಹಿಡಿದು ಮಂಡ್ಯಕ್ಕೆ ಬಂದೆವು. ಒಂದು ಖಾಸಗಿ ಆಸ್ಪತ್ರೆ. ಡಾಕ್ಟರ್ ನೋಡಿದವರೇ ಸೆಲ್ಯುಲೈಟಿಸ್ ಎಂದರು. ಚರ್ಮದ ಕೆಳಗೆ ಸೋಂಕು ಹರಡಿದೆ, ಅಡ್ಮಿಟ್ ಮಾಡಿ, ಐವಿ ಆಂಟಿಬಯಾಟಿಕ್ಸ್ ಹೋಗಬೇಕು ಎಂದರು. ಮೊಣಕಾಲಿನ ಮೇಲೆ, ಕೆಂಪು ಮುಗಿಯುವಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು.

"ಈ ಗೆರೆ ದಾಟಬಾರದು. ದಾಟಿದರೆ ಆಪರೇಷನ್ ಮಾಡಿ ಕೊಳೆತದ್ದನ್ನು ತೆಗೀಬೇಕಾಗುತ್ತೆ. ಆಮೇಲೆ ಕಾಲು ಉಳಿಯೋದು ನಮ್ಮ ಕೈಲಿಲ್ಲ."

ಅವತ್ತಿನಿಂದ ನನಗೆ ಬೇರೆ ಏನೂ ಕಾಣಲಿಲ್ಲ. ಕೂತರೂ ಗೆರೆ, ನಿಂತರೂ ಗೆರೆ. ಒಂದೇ ಸಮಾಧಾನವೆಂದರೆ ಅವ್ವನಿಗೆ ಶುಗರ್ ಇರಲಿಲ್ಲ. ಶುಗರ್ ಇದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರೇ ಹೇಳಿದ್ದರು.

ಶುಗರ್ ಇದ್ದದ್ದು ಪಕ್ಕದ ಮಂಚದವಳಿಗೆ. ಯಲಿಯೂರಿನವಳು. ನಮ್ಮವ್ವನ ಹಾಗೆ ಅವಳ ಹೆಸರೂ ಜಯಮ್ಮ. ಊಟಕ್ಕೆ ಮೊದಲು ಅವಳಿಗೆ ಇನ್ಸುಲಿನ್. ಇಬ್ಬರಿಗೂ ಒಂದೇ ಹೆಸರೆಂದು ತಿಳಿದ ಗಳಿಗೆಯಿಂದ ಅಕ್ಕತಂಗಿಯರಂತೆ ಆಗಿಬಿಟ್ಟರು. "ಎಸ್ರೂ ಒಂದೇ, ಹಣೆಬರಾನೂ ಒಂದೇ ಕಣಕ್ಕ" ಎಂದು ಯಲಿಯೂರಿನವಳು ನಗುತ್ತಿದ್ದಳು. ಅವ್ವನಿಗೂ ಖುಷಿ. ನನಗೆ ಮಾತ್ರ ಎಲ್ಲೋ ಕಸಿವಿಸಿ. ಒಂದೇ ಹೆಸರಿನ ಸ್ಟಾಪು ಎರಡು ಕಡೆ ಇದ್ದರೆ ಬಸ್ಸಿನಲ್ಲಿ ಏನಾಗುತ್ತದೆಂದು ನನಗೆ ಗೊತ್ತು.

ಸಿಸ್ಟರ್‌ಗಳು ಬಾಗಿಲಲ್ಲೇ ನಿಂತು, "ಜಯಮ್ಮ ಯಾರು?" ಎಂದು ಕೂಗುತ್ತಿದ್ದರು. ಇಬ್ಬರೂ ಕೈ ಎತ್ತುತ್ತಿದ್ದರು. ಆಗ, "ಯಜಮಾನರ ಹೆಸರು?" ಎಂಬ ಪ್ರಶ್ನೆ. ಯಲಿಯೂರಿನವಳು ಸಂಕೋಚವಿಲ್ಲದೆ "ಶಿವಣ್ಣ" ಎನ್ನುತ್ತಿದ್ದಳು. ಅವ್ವ ಸೆರಗನ್ನು ಬಾಯಿಗೆ ಹಿಡಿಯುತ್ತಿದ್ದಳು.

ಅವ್ವ ಅಪ್ಪನ ಹೆಸರು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ಅತ್ತೆ ಹೇಳಿದ್ದರಂತೆ. ರೇಷನ್ ಅಂಗಡಿಯಲ್ಲಿ ಕೇಳಿದರೆ ಹಿಂದೆ ನಿಂತವರ ಕೈಲಿ ಹೇಳಿಸುವಳು. ಓಟು ಹಾಕುವಲ್ಲಿ ಕೇಳಿದರೆ ನನ್ನ ಮುಖ ನೋಡುವಳು. ಆಸ್ಪತ್ರೆಯಲ್ಲೂ ನಾನೋ ಅಪ್ಪನೋ ಹೇಳುತ್ತಿದ್ದೆವು. ಇದೊಂದು ತಮಾಷೆ ಎಂದೇ ಅಂದುಕೊಂಡಿದ್ದೆ.

ಮೊದಲ ದಿನ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿದ್ದರು. ಕೈಗೆ ಹಾಕಿದ್ದ ಡ್ರಿಪ್ಪಿನ ಕ್ಯಾನುಲಾ ಬದಲಿಸುವಾಗ ಅದನ್ನು ಕತ್ತರಿಸಿದರು. ಹೊಸದು ಕಟ್ಟಲಿಲ್ಲ. ನಾನೂ ಕೇಳಲಿಲ್ಲ.

ಆಮೇಲೊಂದು ಮಧ್ಯಾಹ್ನ ಔಷಧಿ ತರಲು ಕೆಳಗೆ ಹೋಗಿದ್ದೆ. ಅಪ್ಪ ಟೀ ಕುಡಿಯಲು ಹೋಗಿದ್ದ. ಯಲಿಯೂರಿನವಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದರು. ಆ ಹೊತ್ತಿಗೆ ನಾಜಿಯಾ ಎಂಬ ಸಿಸ್ಟರ್ ಟ್ರೇ ಹಿಡಿದು ಬಂದಳು. ಮಳವಳ್ಳಿಯ ಹುಡುಗಿ, ಅವಳಪ್ಪ ಅಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಮಾತು ಮೆತ್ತಗೆ, ಸೂಜಿಯೂ ಮೆತ್ತಗೆ ಎಂದು ಅವ್ವನಿಗೆ ಅವಳನ್ನು ಕಂಡರೆ ಪ್ರೀತಿ. ಆಮೇಲೆ ಇಬ್ಬರೂ ಹೇಳಿದ್ದನ್ನು ಜೋಡಿಸಿದರೆ ನಡೆದದ್ದು ಇಷ್ಟು.

"ಜಯಮ್ಮ ಯಾರು?"

"ನಾನೇ ಕಣವ್ವ."

"ಯಜಮಾನರ ಹೆಸರು?"

ಅವ್ವ ಸೆರಗು ಬಾಯಿಗೆ ಹಿಡಿದಳು. ನಾಜಿಯಾ ನಕ್ಕಳು. "ನಮ್ಮಪ್ಪನ ಅಮ್ಮ, ನಮ್ಮ ದಾದೀನೂ ಹಂಗೇ ಕಣಜ್ಜಿ, ತಾತನ ಹೆಸರು ಹೇಳಲ್ಲ. ಹೋಗ್ಲಿ ಬುಡಿ" ಎಂದಳು. ತೋಳಿಗೆ ಸೂಜಿ ಹಾಕಿ ಹೋದಳು.

ಮರ್ಯಾದೆ ಕೊಟ್ಟಳು, ಅಷ್ಟೇ. ದೂರದೂರಿನ ಸಿಸ್ಟರ್ ಆಗಿದ್ದರೆ ಬಿಡುತ್ತಿರಲಿಲ್ಲವೇನೋ. ಇವಳು ನಮ್ಮ ಕಡೆಯವಳು, ಮುದುಕಿಯ ನಾಚಿಕೆ ಇವಳಿಗೆ ಅರ್ಥವಾಯಿತು.

ಔಷಧಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು ನಾನು ಮೇಲೆ ಬಂದಾಗ ಅವ್ವನ ರವಿಕೆಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆ ಕಡೆ ಹೋಗುತ್ತಿದ್ದ ಇನ್‌ಚಾರ್ಜ್ ಸಿಸ್ಟರನ್ನು ಕೇಳಿದೆ. "ಜ್ವರ ಬಿಡ್ತಾ ಇದೆ, ಒಳ್ಳೇದೇ" ಎಂದು ನಿಲ್ಲದೆ ಹೋದರು. ನನಗೂ ಸಂತೋಷವಾಯಿತು. ಟವೆಲಿನಿಂದ ಮುಖ ಒರೆಸಿದೆ. ಒರೆಸಿದಷ್ಟೂ ಬೆವರು. ಅವ್ವನ ಕೈ ನಡುಗತೊಡಗಿತು. ಆಮೇಲೆ ಅವ್ವ ನನ್ನನ್ನು ಸತ್ತುಹೋದ ಅವಳ ತಂಗಿಯ ಹೆಸರಿನಿಂದ ಕರೆದಳು.

ನನ್ನ ಗುರುತೇ ಅವಳಿಗೆ ಸಿಗಲಿಲ್ಲ.

ಅಷ್ಟರಲ್ಲಿ ಯಲಿಯೂರಿನ ಜಯಮ್ಮ ವೀಲ್‌ಚೇರಿನಲ್ಲಿ ಬಂದಳು. ಜೊತೆಗೇ ಬಂದ ನಾಜಿಯಾಗೆ, "ಊಟ ಬಂದದೆ, ನನ್ ಸೂಜಿ ಯಾವಾಗ ಆಕ್ತೀಯವ್ವ?" ಎಂದಳು. ನಾಜಿಯಾ ಅವಳನ್ನು ನೋಡಿದಳು. ನಮ್ಮವ್ವನನ್ನು ನೋಡಿದಳು. ಓಡಿಬಂದು ಅವ್ವನ ಬೆರಳು ಚುಚ್ಚಿ ಗ್ಲುಕೋಮೀಟರಿಗೆ ರಕ್ತ ಹಿಡಿದಳು. ಕೂಗಿಕೊಂಡಳು.

"ಸಿಸ್ಟರ್, ಡೆಕ್ಸ್‌ಟ್ರೋಸ್ ತನ್ನಿ, ಬೇಗ. ಶುಗರ್ ತುಂಬಾ ಲೋ ಇದೆ. ಅವರ ಇನ್ಸುಲಿನ್ ಇವರಿಗೆ ಕೊಟ್ಬಿಟ್ಟಿದೀನಿ. ನಾನೇ ಕೊಟ್ಟೆ."

ನಾನೇ ಕೊಟ್ಟೆ.

ಗ್ಲೂಕೋಸ್ ಏರಿಸಿದರು. ಡಾಕ್ಟರ್ ಬಂದರು. ಸ್ವಲ್ಪ ಹೊತ್ತಿಗೆ ಅವ್ವನ ಕಣ್ಣು ನೆಟ್ಟಗಾಯಿತು. "ಯಾಕಂಗ್ ನೋಡ್ತೀಯೆ ನನ್ನ?" ಎಂದಳು. ನನಗೆ ಅಳು ಬಂತು. ಅದರ ಬೆನ್ನಿಗೇ ಕೋಪ ಬಂತು. ಸುಳ್ಳು ಯಾಕೆ ಹೇಳಲಿ, ಆ ಹುಡುಗಿಯ ಕೆನ್ನೆಗೆ ಬಾರಿಸಬೇಕೆಂದೇ ಎದ್ದೆ.

ಪರದೆಯ ಆಚೆ ಇನ್‌ಚಾರ್ಜ್ ಸಿಸ್ಟರ್ ಅವಳನ್ನು ಬೈಯುತ್ತಿದ್ದರು. ತಪ್ಪು ಮಾಡಿದ್ದಕ್ಕೆ ಬೈಯುತ್ತಿದ್ದಾರೆ ಅಂದುಕೊಂಡೆ.

"ಪೇಷೆಂಟ್ ಕಡೆಯವರ ಮುಂದೆ ಯಾಕೆ ಬಾಯಿಬಿಟ್ಟೆ? ಗ್ಲೂಕೋಸ್ ಹಾಕ್ಕೊಂಡು ಸುಮ್ಮನಿರೋಕೆ ಆಗ್ತಿರಲಿಲ್ವಾ? ಜ್ವರಕ್ಕೆ ಸುಸ್ತಾಗಿದ್ರು ಅಂದಿದ್ರೆ ಮುಗೀತಿತ್ತು."

ನನ್ನ ಕೈ ಅಲ್ಲೇ ಇಳಿಯಿತು. ಆದರೆ ಬಾಯಿ ಸುಮ್ಮನಿರಲಿಲ್ಲ. ಡಾಕ್ಟರ ರೂಮಿಗೆ ನುಗ್ಗಿದೆ. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿದೆ. ಅವರು ಶಾಂತವಾಗಿ, "ನಿಮ್ಮ ತಾಯಿ ಈಗ ಚೆನ್ನಾಗಿದಾರಲ್ಲಮ್ಮ. ಆ ಹುಡುಗೀನ ವಾರ್ಡಿಂದ ತೆಗೆದಿದೀವಿ. ಬೇಕಿದ್ರೆ ಕೆಲಸದಿಂದಲೇ ತೆಗೀತೀವಿ. ಸಮಾಧಾನ ಆಯ್ತಾ?" ಎಂದರು.

"ತೆಗೀರಿ ಅಂತ ಯಾರ್ ಕೇಳಿದ್ರು ಸಾರ್? ನಾಳೆ ಸೂಜಿ ಹಿಡ್ಕೊಂಡು ಬರೋರು ಯಾವ ಜಯಮ್ಮ ಅಂತ ಹೆಂಗ್ ತಿಳ್ಕೋತಾರೆ, ಅದನ್ನ ಹೇಳಿ."

ಅವರು ಬೆಲ್ ಒತ್ತಿ ಮುಂದಿನ ರೋಗಿಯನ್ನು ಕರೆದರು. ವಿಡಿಯೊ ಯಾರಿಗೂ ಕಳಿಸಲಿಲ್ಲ. ಕಳಿಸಿದರೆ ಬಲಿಯಾಗುವವಳು ಯಾರೆಂದು ಅವರೇ ಹೇಳಿಬಿಟ್ಟಿದ್ದರಲ್ಲ.

ಅವತ್ತು ವರಾಂಡದಲ್ಲಿ ಅತ್ತಿತ್ತ ನಡೆದೆ, ಕೂತೆ, ಮತ್ತೆ ನಡೆದೆ. ನಮ್ಮ ಡಿಪೋದಲ್ಲೂ ಇದೇ ಕಥೆ. ಬ್ರೇಕು ಸರಿಯಾಗಿ ಹಿಡೀತಿಲ್ಲ ಎಂದು ಡ್ರೈವರ್ ಒಬ್ಬ ಹೇಳಿದರೆ, ಬಸ್ಸು ನಿಲ್ಲಿಸಿಬಿಟ್ಟ ಎಂದು ಉಳಿದವರೆಲ್ಲ ಅವನ ಮೇಲೆ ಮುಗಿಬೀಳುತ್ತೇವೆ. ತಪ್ಪು ಒಪ್ಪಿಕೊಂಡವನಿಗೆ ಮೆಮೊ, ಮುಚ್ಚಿಟ್ಟವನಿಗೆ ಒಳ್ಳೆಯ ಹೆಸರು. ನಾನೂ ಬೈದವಳೇ. ಹತ್ತುವವರ ಜೀವ ಆ ಬ್ರೇಕಿನ ಮೇಲೇ ಇದೆ ಎಂದು ಬೈಯುವಾಗ ಯಾರಿಗೆ ನೆನಪಿರುತ್ತದೆ. ಇಲ್ಲಿ ಹತ್ತಿ ಕೂತವಳು ನಮ್ಮವ್ವ, ಅದಕ್ಕೇ ನನಗೆ ಉರಿ.

ಅಸಲು ಕಷ್ಟ ಶುರುವಾದದ್ದು ಆಮೇಲೆ. ಆಂಟಿಬಯಾಟಿಕ್ಸ್ ಹಾಕಲು ಬೇರೆ ಸಿಸ್ಟರ್ ಬಂದರು. ಅವ್ವ ಕೈಯನ್ನು ಎದೆಗೆ ಅವುಚಿಕೊಂಡಳು.

"ಬ್ಯಾಡ."

ಬೇಡಿಕೊಂಡೆ, ರೇಗಿದೆ. ಅಪ್ಪ ಪಕ್ಕದಲ್ಲಿ ನಿಂತು ತಲೆ ಸವರಿದ. "ಅದೇನ್ ತುಂಬ್ಕಬತ್ತಾರೋ, ಯಾರಿಗೆ ಗೊತ್ತು" ಎನ್ನುವುದೊಂದೇ ಅವಳ ಮಾತು. ಬೇರೆ ಆಸ್ಪತ್ರೆಗೆ ಹೋಗೋಣವೆಂದೆ. "ಅಲ್ಲೂ ಸೂಜೀನೇ ತಾನೇ?" ಎಂದಳು. ಬೆಳಗಾದರೂ ಕೈ ಕೊಡಲಿಲ್ಲ. ಜ್ವರ ಮತ್ತೆ ಏರಿತು. ಬೆಡ್‌ಶೀಟ್ ಸರಿಸಿ ನೋಡಿದೆ.

ಕೆಳಗಿಳಿದಿದ್ದ ಕೆಂಪು ಮತ್ತೆ ಗೆರೆಯನ್ನು ಮುಟ್ಟಿತ್ತು.

ಆ ಬೆಳಿಗ್ಗೆಯೇ ನರ್ಸಿಂಗ್ ಕಾಲೇಜೊಂದರಿಂದ ಒಬ್ಬ ಮೇಡಂ ವಾರ್ಡಿಗೆ ಬಂದರು. ರೋಗಿಗಳ ಸುರಕ್ಷತೆ ಬಗ್ಗೆ ಆಸ್ಪತ್ರೆಯ ಸಿಬ್ಬಂದಿಗೆ ಎಂಥ ಮನೋಭಾವ ಇದೆಯೆಂದು ತಿಳಿಯಲು ಬಂದವರಂತೆ. ಇನ್‌ಚಾರ್ಜ್ ಸಿಸ್ಟರನ್ನು ನಮ್ಮ ಮಂಚದ ಹತ್ತಿರವೇ ನಿಲ್ಲಿಸಿಕೊಂಡು ಒಂದೊಂದಾಗಿ ಕೇಳಿದರು.

"ತಪ್ಪಾದ್ರೆ ಇಲ್ಲಿ ಧೈರ್ಯವಾಗಿ ಹೇಳ್ಕೋಬಹುದಾ?"

"ಖಂಡಿತ ಮೇಡಂ. ನಾವೆಲ್ಲ ಓಪನ್ ಆಗಿ ಮಾತಾಡ್ತೀವಿ."

"ಹೇಳಿದವರಿಗೆ ತೊಂದರೆ ಆಗುತ್ತಾ?"

"ಇಲ್ಲವೇ ಇಲ್ಲ."

ನಾನು ಹಲ್ಲು ಕಚ್ಚಿಕೊಂಡೆ. ಬಾಯಿ ತೆರೆದರೆ ಗೆರೆ ಮುಟ್ಟಿದ ಕಾಲಿಟ್ಟುಕೊಂಡು ಅವ್ವ ಇದೇ ಜನರ ಕೈಲಿರಬೇಕಲ್ಲ ಎಂಬ ಭಯ. ಜ್ವರದಲ್ಲಿ ಕಣ್ಣು ಮುಚ್ಚಿ ಮಲಗಿದ್ದ ಅವ್ವ ಕಣ್ಣು ತೆರೆಯದೆಯೇ ಕೇಳಿದಳು.

"ಆ ಮಳವಳ್ಳಿ ಮಗ ಎಲ್ಲವ್ವ?"

"ಯಾರು ಅಜ್ಜಿ?" ಎಂದರು ಆ ಮೇಡಂ.

"ನಂಗೆ ತಪ್ ಸೂಜಿ ಆಕ್ದವಳು. ಅವಳ್ನ ಕರೀರಿ. ಅವಳ ಕೈಲಾದ್ರೆ ಆಕುಸ್ಕತೀನಿ."

ಇನ್‌ಚಾರ್ಜ್ ಸಿಸ್ಟರ್ ಮುಖ ಬಿಳುಚಿತು. "ಅಜ್ಜಿಗೆ ಜ್ವರ ಜಾಸ್ತಿ" ಎಂದರು.

"ಜ್ವರ ಇದ್ರೂ ಬುದ್ದಿ ನೆಟ್ಗದೆ ಕಣವ್ವ. ನಾನ್ ಬೆವರ್ಕಂಡು ಬಿದ್ದಿದ್ದಾಗ ನೀನು ಒಳ್ಳೇದೇ ಅಂದ್ಬುಟ್ಟು ಓದೆ. ಅವಳು, ನಾನೇ ತಪ್ ಮಾಡ್ದೆ ಅಂತ ಕೂಗ್ಕಂಡ್ಳು. ಕೂಗ್ಕಂಡಿದ್ಕೇ ನಾನ್ ಬದುಕಿವ್ನಿ. ನಾಳಿಕ್ಕೆ ತಪ್ ಮಾಡುದ್ರೂ ಅವಳಾದ್ರೆ ಯೋಳ್ತಾಳೆ. ನೀವ್ ಯೋಳಾಕಿಲ್ಲ."

ಆ ಮೇಡಂ ಬರೆಯುವುದನ್ನು ನಿಲ್ಲಿಸಿ ಇನ್‌ಚಾರ್ಜ್ ಸಿಸ್ಟರ್ ಕಡೆ ನೋಡಿದರು. ನಾನು ಸೀದಾ ಡಾಕ್ಟರ ಹತ್ತಿರ ಹೋಗಿ, "ಆ ಹುಡುಗಿ ಬಂದ್ರೆ ಅವ್ವ ಕೈ ಕೊಡ್ತಾಳೆ, ಇಲ್ದಿದ್ರೆ ಇಲ್ಲ" ಎಂದೆ. ಅವರು ಕಾಲು ನೋಡಿದರು, ಗೆರೆ ನೋಡಿದರು, ಕರೆಸಿದರು.

ನಾಜಿಯಾ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು. ಟ್ರೇಯನ್ನು ಮಂಚದ ಪಕ್ಕ ಇಟ್ಟಳು. ಅವ್ವ ತಾನಾಗಿಯೇ ಕೈ ಚಾಚಿದಳು. ಹುಡುಗಿ ಸಿರಿಂಜ್ ಮುಟ್ಟಲಿಲ್ಲ.

"ನಿಮ್ಮ ಹೆಸರು ಹೇಳಿ ಅಜ್ಜಿ."

"ಜಯಮ್ಮ. ಗೊತ್ತಿಲ್ವಾ ನಿಂಗೆ?"

"ಯಜಮಾನರ ಹೆಸರು?"

ಅವ್ವನ ಕೈ ಸೆರಗಿನ ಕಡೆ ಹೋಯಿತು. ಕಿಟಕಿಯ ಹತ್ತಿರ ಆಚೆ ನೋಡುತ್ತಾ ಅಪ್ಪ ನಿಂತಿದ್ದ. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ.

"ನೀವು ಹೇಳ್ಬೇಡಿ ಅಕ್ಕ" ಎಂದಳು ನಾಜಿಯಾ. "ನೀವಿಲ್ಲದ ಹೊತ್ತಲ್ಲೇ ಅವತ್ತು ಹಿಂಗಾಗಿದ್ದು. ಅಜ್ಜಿ, ನೀವು ಹೇಳೋಗಂಟ ನಾನು ಹಾಕಲ್ಲ."

"ಎಂಗವ್ವ ಯೋಳಾದು? ಆಯಸ್ಸು..."

"ನಾನು ಕಾಯ್ತೀನಿ."

ಕಾದಳು. ಕೈ ಕಟ್ಟಿಕೊಂಡು ನಿಂತೇ ಇದ್ದಳು. ನನ್ನ ಕಣ್ಣು ಗೆರೆಯ ಮೇಲೆ. ಔಷಧಿ ಅಲ್ಲೇ ಇದೆ, ಒಂದು ಹೆಸರು ಹೇಳಲು ಈ ಮುದುಕಿಗೆ ಏನು ಧಾಡಿ ಎಂದುಕೊಂಡೆ. ಅವ್ವ ಅಪ್ಪನ ಬೆನ್ನು ನೋಡಿದಳು. ತನ್ನ ಕಾಲು ನೋಡಿಕೊಂಡಳು. ಕಣ್ಣು ಮುಚ್ಚಿದಳು.

"ಪುಟ್ಸಾಮಿ."

"ಆಂ?" ಎಂದು ಅಪ್ಪ ತಿರುಗಿದ.

ಕರೆದರೆಂದೇ ತಿಳಿದು ಎರಡು ಹೆಜ್ಜೆ ಮುಂದಕ್ಕೂ ಬಂದ. ಕರೆದವರು ಯಾರೆಂದು ಗೊತ್ತಾದಾಗ ಅಲ್ಲೇ ನಿಂತ. ಅವ್ವನ ಕಣ್ಣ ಅಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. "ಜಯಮ್ಮ, ಪುಟ್ಟಸ್ವಾಮಿ ಅವರ ಹೆಂಡತಿ, ಹನಕೆರೆ" ಎಂದು ನಾಜಿಯಾ ಗಟ್ಟಿಯಾಗಿ ಹೇಳಿ, ಬಾಟಲಿಯ ಮೇಲಿನ ಔಷಧಿಯ ಹೆಸರನ್ನೂ ಓದಿ ಹೇಳಿ, ಆಮೇಲೆ ಸಿರಿಂಜ್ ಎತ್ತಿಕೊಂಡಳು.

ಕೆಂಪು ಆ ಗೆರೆಯನ್ನು ದಾಟಲಿಲ್ಲ. ನಿಧಾನಕ್ಕೆ ಹಿಂದೆ ಸರಿಯಿತು. ನಾವಿರುವವರೆಗೆ ನಾಜಿಯಾ ಆ ವಾರ್ಡಿನಲ್ಲೇ ಇದ್ದಳು. ಈಗ ಇದ್ದಾಳೋ ಇಲ್ಲವೋ ಗೊತ್ತಿಲ್ಲ, ಕೇಳಲು ಭಯ. ಇನ್‌ಚಾರ್ಜ್ ಸಿಸ್ಟರ್ ಬದಲಾದರು ಎಂದು ನಾನು ಹೇಳಲಾರೆ. ಆದರೆ ಡಿಸ್ಚಾರ್ಜಿಗೆ ಮೊದಲು ಎಲ್ಲರ ಮಣಿಕಟ್ಟಿಗೂ ಹೊಸ ಪಟ್ಟಿ ಬಂದಿತ್ತು. ನಾನು ಡ್ಯೂಟಿಗೆ ಮರಳಿದೆ. ಮೊನ್ನೆ ನಮ್ಮ ಡ್ರೈವರ್ ಬ್ರೇಕಿನ ಬಗ್ಗೆ ಹೇಳಿ ಬಸ್ಸು ನಿಲ್ಲಿಸಿದಾಗ ಗೊಣಗದೆ ಇಳಿದೆ. ಕೋಪವೇನೋ ಬಂತು.

ಅವ್ವ ಈಗ ಗೋಡೆ ಹಿಡಿದು ಓಡಾಡುತ್ತಾಳೆ. ಕಾಲಿನ ಚರ್ಮ ಸಿಪ್ಪೆಯಂತೆ ಏಳುತ್ತಿದೆ. ಹೋದ ರಜೆಯಲ್ಲಿ ನಾನು ಅವಳ ಕಾಲಿಗೆ ಮುಲಾಮು ಹಚ್ಚುತ್ತಿದ್ದೆ. ಅಪ್ಪ ಜಗುಲಿಯಲ್ಲಿ ಕೂತಿದ್ದ. ಅವ್ವ ಅವನ ಕಡೆ ನೋಡದೆ, ಬಹಳ ದಿನದಿಂದ ಒಳಗೇ ಇಟ್ಟುಕೊಂಡದ್ದನ್ನು ಕೇಳಿದಳು.

"ನಾನ್ ಎಸ್ರು ಯೋಳ್ಬುಟ್ಟೆ. ನಿಮಗೇನಾರಾ ಆದ್ರೆ?"

ದೂರದ ರೈಲಿನ ಸದ್ದಿಗೆ ಕಿವಿಗೊಟ್ಟಿದ್ದ ಅಪ್ಪ ಅವ್ವನ ಕಡೆ ತಿರುಗಿದ.

"ಒಂದೆರಡ್ ವರ್ಸ ಓದ್ರೆ ಓಗ್ಲಿ ಬುಡು" ಎಂದ. "ನೀನ್ ನಡೀತಿದ್ದೀಯಲ್ಲ."