ತೆಳು ಸೂಪಿನ ಇತಿಹಾಸ

ಅಮೆರಿಕದ ಎಲಿಕಾಟ್ ಸಿಟಿಯ ನಮ್ಮ ಮನೆಯಲ್ಲಿ ಊಟದ ಮೇಜಿನ ಅರ್ಧ ಭಾಗ ಯುರೋಪಿಗೆ ಸೇರಿದ್ದು. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಆಫೀಸಿನ ಕೆಲಸ ಮಾಡುವಾಗ, ಮೀಟಿಂಗುಗಳ ನಡುವೆ ಕೋಟೆಕೊತ್ತಲಗಳ, ರಾಜವಂಶಗಳ ಪುಸ್ತಕ ಓದುವ ಚಟ ನನಗೆ ಹತ್ತಿತು. ಉಳಿದರ್ಧ ಮೇಜಿನಲ್ಲಿ ತಟ್ಟೆ ಇಡಲು ಜಾಗ ಹುಡುಕುವವಳು ಹೆಂಡತಿ ಸುಮಾ; ಧಾರವಾಡದವಳು, ಸೇತುವೆ ಕಟ್ಟಿಸುವ ಇಂಜಿನಿಯರ್, ತೂಕ ತಡೆಯದ ಮಾತನ್ನು ನಂಬದವಳು.

ಲೈಬ್ರರಿಯ ಹಳೆ ಪುಸ್ತಕಗಳ ಮಾರಾಟದಲ್ಲಿ ನನಗೊಂದು ಪ್ರವಾಸ ಕೈಪಿಡಿ ಸಿಕ್ಕಿತು. ಜರ್ಮನಿಯ ನದೀತೀರದ ಊರುಗಳ ಬಗ್ಗೆ ನೂರು ವರ್ಷದ ಹಿಂದೆ ಯಾರೋ ಇಂಗ್ಲೆಂಡಿನವರು ಬರೆದದ್ದು. ಹಳೆಯ ಯುರೋಪನ್ನು ಹಳೆಯ ಪುಸ್ತಕವೇ ತೋರಿಸಬೇಕೆಂದು ನಾನು ಹಟ ಹಿಡಿದೆ. ರಾಲಿಯಲ್ಲಿ ಓದುವ ಮಗಳು ಫೋನಿನಲ್ಲಿ, “ಅಪ್ಪಾ, ಪ್ಲೀಸ್, ಆನ್‌ಲೈನ್ ರೂಮ್ ಬುಕ್ ಮಾಡು,” ಎಂದು ಬೇಡಿಕೊಂಡಳು. ಮಾಡಲಿಲ್ಲ. ಕೈಪಿಡಿಯಲ್ಲಿ ಚರ್ಚಿನ ಪಕ್ಕದ ಛತ್ರವೊಂದರ ವಿಳಾಸವಿತ್ತಲ್ಲ!

ಮರುಬೇಸಿಗೆಯಲ್ಲಿ ಜರ್ಮನಿಗೆ ಹಾರಿ, ಸೂಟ್‌ಕೇಸ್ ಎಳೆದುಕೊಂಡು ಆ ವಿಳಾಸಕ್ಕೆ ಹೋಗಿ ಬಾಗಿಲು ತಳ್ಳಿದರೆ ಒಳಗೆ ಔಷಧದ ವಾಸನೆ, ಕೆನ್ನೆ ಹಿಡಿದು ಕೂತ ಇಬ್ಬರು.

“ಏನ್ರೀ ಇದು, ಹಲ್ಲಿನ ದವಾಖಾನಿ ಅದಲ್ಲ!” ಎಂದಳು ಸುಮಾ. “ಹಾಸಿಗಿ ಇಲ್ಲ, ಕುರ್ಚಿ ಅದ. ಮಲಗ್ರಿ ಈಗ, ಹಂಗ ಒಂದೆರಡು ಹಲ್ಲೂ ಕಿತ್ತಿಸ್ಕೊಳ್ರಿ.”

ನಾಚಿಕೆಯಿಂದ ತಿರುಗುವಷ್ಟರಲ್ಲಿ ದಂತವೈದ್ಯರೇ ಹೊರಬಂದರು. ನಾನು ತೊದಲುತ್ತ ಕೈಪಿಡಿಯ ಪುಟ ತೋರಿಸಿದೆ. ಅವರು ಓದಿದರು, ಮತ್ತೆ ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಛತ್ರ ನಡೆಸುತ್ತಿದ್ದದ್ದು ಅವರ ತಾಯಿಯ ಅಜ್ಜ. ಎರಡನೇ ಮಹಾಯುದ್ಧದಲ್ಲಿ ಆ ಕಟ್ಟಡ ಸುಟ್ಟುಹೋಯಿತು, ಒಂದು ಫೋಟೋ ಕೂಡ ಉಳಿಯಲಿಲ್ಲ; ಈಗಿನದು ಅದೇ ಜಾಗದಲ್ಲಿ ಆಮೇಲೆ ಕಟ್ಟಿದ್ದು. ಆ ಮನೆಯ ಕುರುಹೆಂದು ಈ ಭೂಮಿಯ ಮೇಲಿದ್ದದ್ದು ನನ್ನ ಕೈಲಿದ್ದ ಮೂರು ಸಾಲು ಮಾತ್ರ: ಹಾಸಿಗೆ ಶುಭ್ರ, ಮಾಲೀಕ ಸಿಡುಕ, ಸೂಪು ತೀರಾ ತೆಳು.

ಮಹಡಿಯ ಮೇಲೆ ವಾಸವಿದ್ದ ತಾಯಿಯ ಬಳಿಗೆ ನಮ್ಮನ್ನು ಕರೆದೊಯ್ದರು. ತೊಂಬತ್ತು ದಾಟಿದ ಅಜ್ಜಿ. ಮಗ ಜರ್ಮನ್ ಭಾಷೆಯಲ್ಲಿ ಓದಿ ಹೇಳಿದಾಗ ಮೊದಲ ಎರಡು ಸಾಲಿಗೆ ತಲೆದೂಗಿದರು. ಮೂರನೆಯದಕ್ಕೆ ಊರುಗೋಲು ನೆಲಕ್ಕೆ ಕುಟ್ಟಿ ಎದ್ದು ನಿಂತರು.

“ಸೂಪು ತೆಳುವಾಗಿರಲಿಲ್ಲವಂತೆ,” ಎಂದು ಮಗ ಇಂಗ್ಲಿಷಿಗೆ ತಂದರು, “ತಮ್ಮ ಅಜ್ಜಿಯಿಂದ ಕಲಿತದ್ದಂತೆ, ಈಗಲೇ ಮಾಡಿ ತೋರಿಸುತ್ತಾರಂತೆ. ನಿಮಗೆ ಬೇರೆ ದಾರಿಯಿಲ್ಲ.”

ನೋಡಿ, ಸಾಮ್ರಾಜ್ಯಗಳ ಏಳುಬೀಳನ್ನು ನಾನೆಷ್ಟೋ ಓದಿದ್ದೆ. ಇತಿಹಾಸಕ್ಕೆ ಹೀಗೆ ಸಿಟ್ಟು ಬರಬಹುದು, ಅದು ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಹೆಚ್ಚಬಹುದು ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಒಂದು ಗಂಟೆಯ ಮೇಲೆ ಬಟ್ಟಲುಗಳು ಬಂದವು. ಅಜ್ಜಿ ತಾವೊಂದು ಚಮಚ ಕುಡಿದು, ನಮ್ಮ ಬಾಯನ್ನೇ ನೋಡುತ್ತ ಕೂತರು. ಚಮಚ ಎತ್ತಿದರೆ ಬಟ್ಟಲಿನ ತಳದ ನೀಲಿ ಹೂವು ಸ್ಪಷ್ಟವಾಗಿ ಕಾಣುತ್ತಿತ್ತು.

ಅಜ್ಜಿ ಪೆನ್ನು ಮುಂದೆ ಚಾಚಿದರು. ಪುಸ್ತಕದಲ್ಲಿ ತಪ್ಪಿದೆಯಂತೆ, ತಿದ್ದಬೇಕಂತೆ.

ನಾನು ಕಂಗಾಲಾದೆ. ನೂರು ವರ್ಷದ ದಾಖಲೆ! ಅದೂ ಸರಿಯಾಗಿರುವ ದಾಖಲೆ! ಸುಮಾಳತ್ತ ನೋಡಿದೆ. ಎಂದೂ ಸುಳ್ಳು ಲೆಕ್ಕಕ್ಕೆ ಸಹಿ ಹಾಕದ ನನ್ನ ಹೆಂಡತಿ ಬಟ್ಟಲನ್ನೆತ್ತಿ ಕೊನೆಯ ಹನಿಯವರೆಗೂ ಕುಡಿದು, ಅಜ್ಜಿಯ ಕೈ ಹಿಡಿದು ನಕ್ಕು, ನನಗೆ ಕನ್ನಡದಲ್ಲಿ ಹೇಳಿದಳು: “ಸುಮ್ನ ಬರೀರಿ. ಎಂಬತ್ತು ವರ್ಷ ಆದಮ್ಯಾಲೆ ಆಕಿ ತನ್ನ ಅಜ್ಜಿ ಕೈ ಅಡಿಗಿ ಉಂಡಾಳ. ನಿಮ್ಮ ಪುಸ್ತಕ ಏನು ಕಂಡದ?”

ಅಜ್ಜಿ ಮತ್ತೆ ತುಂಬಿಸಿದ ಬಟ್ಟಲುಗಳೂ ಮುಗಿದ ಮೇಲೆ, ಅಂಚಿನಲ್ಲಿ ಕನ್ನಡದಲ್ಲೇ, ದುಂಡಗಿನ ಅಕ್ಷರದಲ್ಲಿ ಬರೆದು, ಪುಸ್ತಕವನ್ನು ಅಜ್ಜಿಯ ಮಡಿಲಿಗಿಟ್ಟು ಬಂದೆ: “ಸೂಪು ಗಟ್ಟಿಯಾಗಿದೆ. ನಾವಿಬ್ಬರೂ ಎರಡೆರಡು ಬಟ್ಟಲು ಕುಡಿದೆವು.” ಎರಡನೆಯ ವಾಕ್ಯ ನಿಜ.